ಜೇಮ್ಸ್ ಬ್ರಿಂಡ್ಲಿಯ ಸಮಾಧಿ ಕಲ್ಲನ್ನು ಓದುವುದು ಹೇಗೆ

ನನ್ನ ಹಳೇ ನೋಟ್‌ಬುಕ್ಕಿನಲ್ಲಿ ಒಂದು ಸಾಲಿದೆ. ‘ಜೇಮ್ಸ್ ಬ್ರಿಂಡ್ಲಿ, ಸಾವು 30 ಸೆಪ್ಟೆಂಬರ್ 1772.’ ಅದು ತಪ್ಪು. ಇಂಗ್ಲೆಂಡಿನ ಕಾಲುವೆಗಳ ಎಂಜಿನಿಯರ್ ಬ್ರಿಂಡ್ಲಿ ತೀರಿಕೊಂಡದ್ದು ಸೆಪ್ಟೆಂಬರ್ 27ಕ್ಕೆ. ಕಲ್ಲಿನ ಮುಂದೆ ನಿಂತುಕೊಂಡೇ, ಕಲ್ಲನ್ನು ನೋಡಿಕೊಂಡೇ ನಾನು ತಪ್ಪು ಬರೆದಿದ್ದೆ. ಕಲ್ಲು ಸುಳ್ಳು ಹೇಳಿರಲಿಲ್ಲ. ಅದರಲ್ಲಿದ್ದ ಮಾತು ‘ಇಲ್ಲಿ ಹೂಳಲಾಯಿತು’ ಅಂತ. ಸಮಾಧಿಯ ಮೇಲೆ ತಾರೀಖು ಕಂಡರೆ ಅದು ಸತ್ತ ದಿನವೇ ಇರಬೇಕು ಎಂದು ತಲೆಯಲ್ಲಿ ಮೊದಲೇ ಕೂತಿತ್ತು. ಕಣ್ಣು ಓದಿದ್ದು ಒಂದು, ಕೈ ಬರೆದದ್ದು ಇನ್ನೊಂದು.

ನಾನು ಸರ್ವೇಯರ್. ನೆಲದ ಮಟ್ಟ ನೋಡುವ ಲೆವೆಲ್ ಮೆಷೀನು, ಸ್ಟಾಫು ಅಂದರೆ ಅಳತೆಯ ಅಂಕಿಗಳಿರುವ ಉದ್ದ ಕೋಲು, ಇವನ್ನು ಹಿಡಿದುಕೊಂಡೇ ಸಂಸಾರ ನಡೆಸಿದವನು. ಸ್ಟಾಫಿನ ಮೇಲೆ ಕಂಡ ಅಂಕಿಯನ್ನು ಹಾಗೇ ಬರೆದುಕೊಳ್ಳಬೇಕು, ‘ಇಷ್ಟಿರಬೇಕಿತ್ತು’ ಎಂದು ತಿದ್ದಬಾರದು ಅನ್ನೋದು ನಮ್ಮ ಕೆಲಸದಲ್ಲಿ ಮೊದಲ ಪಾಠ. ಅದನ್ನೇ ಮರೆತದ್ದಕ್ಕೆ ಇವತ್ತಿಗೂ ಬೇಜಾರಿದೆ. ಅದೂ ಬ್ರಿಂಡ್ಲಿಯ ವಿಷಯದಲ್ಲಿ! ನೆಲದ ಮಟ್ಟ ಹಿಡಿದು ನೀರನ್ನು ಮೈಲಿಗಟ್ಟಲೆ ನಡೆಸಿದ ಮನುಷ್ಯ ಅವನು. ಹಾಗಾಗಿ ಈ ಕಡೆ ಬರುವ ನಮ್ಮವರಿಗೆ, ಹಳೇ ಕಲ್ಲು ಓದುವ ಆಸೆ ಇರುವವರಿಗೆ, ನಾನು ಹಂತಹಂತವಾಗಿ ಕಲಿತದ್ದನ್ನು ಬರೆಯುತ್ತಿದ್ದೇನೆ. ಬ್ರಿಂಡ್ಲಿಯ ಸಮಾಧಿಯನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ. ಬೇರೆ ಯಾವ ಹಳೇ ಸಮಾಧಿಗೂ ಇದೇ ದಾರಿ ಸಾಕು.

ಹೋಗುವ ಮೊದಲು

ಸಮಾಧಿ ಇರುವುದು ಇಂಗ್ಲೆಂಡಿನ ಸ್ಟ್ಯಾಫರ್ಡ್‌ಶೈರ್‌ನ ನ್ಯೂಚಾಪೆಲ್ ಎಂಬ ಊರಿನಲ್ಲಿ, ಸೇಂಟ್ ಜೇಮ್ಸ್ ಚರ್ಚಿನ ಅಂಗಳದಲ್ಲಿ. ಹತ್ತಿರದ ರೈಲ್ವೆ ಸ್ಟೇಷನ್ ಕಿಡ್ಸ್‌ಗ್ರೋವ್. ಸ್ಟೋಕ್ ಆನ್ ಟ್ರೆಂಟ್‌ನಿಂದ ಅಲ್ಲಿಗೆ ರೈಲಿದೆ. ಅಲ್ಲಿಂದ ನ್ಯೂಚಾಪೆಲ್‌ಗೆ ಏರುದಾರಿ, ನಡೆದೂ ಹೋಗಬಹುದು. ಬಸ್ಸು ಸಿಕ್ಕರೆ ಕಾಲಿಗೆ ಒಳ್ಳೆಯದು.

ಹೊರಡುವ ಮುಂಚೆ ಆ ಮನುಷ್ಯನ ಬಗ್ಗೆ ಒಂದು ಪುಟದಷ್ಟಾದರೂ ತಿಳಿದುಕೊಂಡಿರಿ. ಕಲ್ಲು ತುಂಬಾ ಕಮ್ಮಿ ಮಾತಾಡುತ್ತದೆ. ಯಾವ ಮಾತನ್ನು ಬಿಟ್ಟಿದೆ ಅನ್ನೋದು ಗೊತ್ತಾಗಬೇಕಾದರೆ ಉಳಿದ ಕಥೆ ನಿಮಗೆ ಗೊತ್ತಿರಬೇಕು.

ಬ್ರಿಂಡ್ಲಿ ಹುಟ್ಟಿದ್ದು 1716ರಲ್ಲಿ, ಡಾರ್ಬಿಶೈರ್‌ನ ಟನ್‌ಸ್ಟೆಡ್‌ನಲ್ಲಿ. ಓದು ಬರಹ ಅಷ್ಟಕ್ಕಷ್ಟೇ. ಮ್ಯಾಕಲ್ಸ್‌ಫೀಲ್ಡ್ ಹತ್ತಿರ ಒಬ್ಬ ಗಿರಣಿ ಯಂತ್ರದ ಮೇಸ್ತ್ರಿಯ ಕೈಕೆಳಗೆ ಕೆಲಸ ಕಲಿತ. ಆಮೇಲೆ ಲೀಕ್ ಎಂಬ ಊರಿನಲ್ಲಿ ಸ್ವಂತ ಕಸುಬು ಶುರು ಮಾಡಿದ. ನೀರಿನ ಚಕ್ರ, ಗಿರಣಿ, ಗಣಿಯಿಂದ ನೀರೆತ್ತುವುದು, ಎಲ್ಲದಕ್ಕೂ ಏನಾದರೊಂದು ಉಪಾಯ ಹೂಡುತ್ತಿದ್ದ. ಜನ ಅವನನ್ನು ‘ಸ್ಕೀಮರ್’ ಎಂದೇ ಕರೆಯುತ್ತಿದ್ದರು. ಬ್ರಿಡ್ಜ್‌ವಾಟರ್ ಡ್ಯೂಕ್‌ನ ಗಣಿಯಿಂದ ಮ್ಯಾಂಚೆಸ್ಟರ್‌ಗೆ ಕಲ್ಲಿದ್ದಲು ಸಾಗಿಸುವ ಕಾಲುವೆಗೆ ಕೈ ಹಾಕಿದಾಗ ಅವನಿಗೆ ನಲವತ್ತು ದಾಟಿತ್ತು. 1761ರಲ್ಲಿ ಬಾರ್ಟನ್ ಎಂಬಲ್ಲಿ ಇರ್ವೆಲ್ ನದಿಯ ಮೇಲೆ ಕಮಾನು ಕಟ್ಟಿ, ಆ ಕಮಾನಿನ ಮೇಲೆ ಕಾಲುವೆಯನ್ನೇ ಹಾಯಿಸಿದ. ಕೆಳಗೆ ನದಿಯಲ್ಲಿ ದೋಣಿ, ಮೇಲೆ ಕಾಲುವೆಯಲ್ಲಿ ದೋಣಿ. ಅದನ್ನು ನೋಡಲು ದೂರದೂರದಿಂದ ಜನ ಬರುತ್ತಿದ್ದರು.

ನೀರು ಸೋರದಂತೆ ಅವನು ಬಳಸಿದ್ದು ಜೇಡಿಮಣ್ಣು. ನೀರು ಹಾಕಿ, ಕಲಸಿ, ತುಳಿದು ತುಳಿದು ಹದ ಮಾಡಿ ಕಾಲುವೆಯ ತಳಕ್ಕೂ ದಂಡೆಗೂ ಮೆತ್ತುವುದು. ಹದ ಬಂದ ಜೇಡಿಮಣ್ಣು ಒದ್ದೆಯಾಗಿರುವವರೆಗೂ ನೀರನ್ನು ಬಿಟ್ಟುಕೊಡುವುದಿಲ್ಲ. ಒಣಗಿದರೆ ಬಿರುಕು ಬಿಡುತ್ತದೆ, ಅದಕ್ಕೇ ಕಾಲುವೆಯನ್ನು ಖಾಲಿ ಬಿಡಬಾರದು. ಆಮೇಲೆ ಬಂದ ಟ್ರೆಂಟ್ ಅಂಡ್ ಮರ್ಸಿ ಕಾಲುವೆ 93 ಮೈಲಿ ಉದ್ದದ್ದು. 1766ರ ಜುಲೈ 26ಕ್ಕೆ ಬರ್ಸ್ಲೆಮ್‌ನಲ್ಲಿ ಅದರ ಮೊದಲ ಗುದ್ದಲಿ ಹಾಕಿದವನು ಪಿಂಗಾಣಿ ಉದ್ಯಮಿ ಜೋಸೈಯಾ ವೆಜ್‌ವುಡ್. ಒಟ್ಟು ಸುಮಾರು 365 ಮೈಲಿ ಕಾಲುವೆಯ ಯೋಜನೆ ಬ್ರಿಂಡ್ಲಿಯ ಲೆಕ್ಕಕ್ಕೆ ಬರುತ್ತದೆ. ಅದರಲ್ಲಿ ಜಾಸ್ತಿ ಭಾಗ ಮುಗಿದದ್ದನ್ನು ಅವನು ನೋಡಲಿಲ್ಲ.

ಇಷ್ಟು ತಿಳಿದಿದ್ದರೆ ಸಾಕು.

ಕೇಳಿ ಹೋಗಿ

ಚರ್ಚಿನ ಅಂಗಳಕ್ಕೆ ಹೋಗಿ ನೋಡುವುದಕ್ಕೆ, ನಿಮಗಾಗಿ ಒಂದೆರಡು ಫೋಟೋ ತೆಗೆಯುವುದಕ್ಕೆ ಸಾಮಾನ್ಯವಾಗಿ ಯಾರೂ ಬೇಡ ಅನ್ನುವುದಿಲ್ಲ. ಆದರೆ ಕಲ್ಲಿಗೆ ಕೈ ಹಚ್ಚುವ ಯಾವ ಕೆಲಸವಿದ್ದರೂ, ಅಂದರೆ ನೀರು ಹಾಕುವುದು, ಬ್ರಷ್ ಆಡಿಸುವುದು, ಕಾಗದ ಇಟ್ಟು ಅಚ್ಚು ತೆಗೆಯುವುದು, ಮೊದಲು ಅಲ್ಲಿನ ಪಾದ್ರಿಯವರನ್ನೋ ಚರ್ಚ್ ವಾರ್ಡನ್ನರನ್ನೋ ಕೇಳಲೇಬೇಕು. ಇಂಗ್ಲೆಂಡಿನ ಚರ್ಚ್ ಅಂಗಳದ ಸಮಾಧಿ ಕಲ್ಲುಗಳ ಒಡೆತನ ಸತ್ತವರ ವಾರಸುದಾರರದ್ದು, ಚರ್ಚಿನದ್ದಲ್ಲ. ರಿಪೇರಿಯಂಥ ಕೆಲಸಕ್ಕೆ ‘ಫ್ಯಾಕಲ್ಟಿ’ ಎಂಬ ಒಪ್ಪಿಗೆ ಡಯಾಸಿಸ್‌ನಿಂದ, ಅಂದರೆ ಬಿಷಪ್ಪರ ಆಡಳಿತದಿಂದ, ಬರಬೇಕು. ಎಷ್ಟೋ ಹಳೇ ಸಮಾಧಿಗಳು ಸರ್ಕಾರದ ಸಂರಕ್ಷಿತ ಪಟ್ಟಿಯಲ್ಲಿವೆ, ಅವಕ್ಕೆ ಇನ್ನೂ ಬಿಗಿ. ಆ ಪಟ್ಟಿ ಆನ್‌ಲೈನ್‌ನಲ್ಲೇ ಸಿಗುತ್ತದೆ, ಊರಿನ ಹೆಸರು ಹಾಕಿ ಹುಡುಕಿ.

ಎರಡು ಸಾಲಿನ ಇಮೇಲ್ ಸಾಕು. ಯಾವ ದಿನ, ಎಷ್ಟು ಹೊತ್ತಿಗೆ ಬರುತ್ತೀರಿ, ಏನು ಮಾಡುತ್ತೀರಿ ಎಂದು ಬರೆಯಿರಿ. ಪೂಜೆ, ಮದುವೆ, ಮಣ್ಣು ಮಾಡುವ ಕಾರ್ಯ ಇಲ್ಲದ ಹೊತ್ತು ಯಾವುದು ಅಂತಲೂ ಕೇಳಿಕೊಳ್ಳಿ. ಎಷ್ಟೋ ಸಲ ಅವರೇ ಬಂದು ಜೊತೆಗೆ ನಿಲ್ಲುತ್ತಾರೆ, ನಮಗೆ ಗೊತ್ತಿಲ್ಲದ ಕಲ್ಲನ್ನು ತೋರಿಸುತ್ತಾರೆ.

ಚೀಲದಲ್ಲಿ ಏನಿರಬೇಕು

ಒಂದು ಕನ್ನಡಿ. ಇದು ಎಲ್ಲಕ್ಕಿಂತ ಮುಖ್ಯ. ಗೋಡೆಗೆ ಹಾಕುವ ಉದ್ದನೆಯ, ಹಗುರಾದ, ಒಡೆಯದ ಪ್ಲಾಸ್ಟಿಕ್ ಕನ್ನಡಿ ತಗೊಳ್ಳಿ. ಒಂದು ಒಳ್ಳೇ ಟಾರ್ಚು. ಕಪ್ಪು ಕೊಡೆ ಅಥವಾ ದಪ್ಪನೆಯ ಕಪ್ಪು ಬಟ್ಟೆ. ಟೇಪು. ಪೆನ್ಸಿಲ್ಲು ಮತ್ತು ಗಟ್ಟಿ ರಟ್ಟಿನ ನೋಟ್‌ಬುಕ್ಕು. ಪೆನ್ನು ಬೇಡ, ಮಳೆಯಲ್ಲಿ ಮಸಿ ಹರಡುತ್ತದೆ. ಮೊಣಕಾಲಿಗೆ ಹಾಕಿಕೊಳ್ಳಲು ಏನಾದರೂ ಮೆತ್ತಗಿನದ್ದು, ಏಕೆಂದರೆ ಅಲ್ಲಿಯ ಹುಲ್ಲು ಯಾವಾಗಲೂ ಒದ್ದೆ.

ಚೀಲದಲ್ಲಿ ಇರಬಾರದ್ದನ್ನೂ ಹೇಳಿಬಿಡುತ್ತೇನೆ. ತಂತಿ ಬ್ರಷ್, ಬ್ಲೀಚ್, ಸೋಪಿನ ಪುಡಿ, ವಿನೆಗರ್, ಸೀಮೆಸುಣ್ಣ, ಶೇವಿಂಗ್ ಕ್ರೀಮ್. ಅಕ್ಷರ ಎದ್ದು ಕಾಣಲಿ ಎಂದು ಸೀಮೆಸುಣ್ಣ ಉಜ್ಜುವವರನ್ನು, ಶೇವಿಂಗ್ ಕ್ರೀಮ್ ಮೆತ್ತುವವರನ್ನು ನಾನು ನೋಡಿದ್ದೇನೆ. ಕಲ್ಲಿನ ಸಣ್ಣಸಣ್ಣ ತೂತುಗಳಲ್ಲಿ ಅದು ಉಳಿದುಬಿಡುತ್ತದೆ. ವಿನೆಗರ್ ಹುಳಿ, ಸುಣ್ಣದ ಕಲ್ಲನ್ನು ಅದು ತಿಂದುಹಾಕುತ್ತದೆ. ಬ್ಲೀಚ್ ಒಳಗೆ ಉಪ್ಪು ಬಿಡುತ್ತದೆ, ಆ ಉಪ್ಪು ಒಳಗೊಳಗೇ ಹರಳುಗಟ್ಟಿ ಕಲ್ಲಿನ ಮೈಯನ್ನು ಸಿಡಿಸುತ್ತದೆ.

ಮೊದಲು ಕಲ್ಲಿನ ಆರೋಗ್ಯ ನೋಡಿ

ಹೋದ ತಕ್ಷಣ ಓದಲು ಶುರು ಮಾಡಬೇಡಿ. ಸುತ್ತ ಒಂದು ಸಲ ಬನ್ನಿ. ಕಲ್ಲು ವಾಲಿದೆಯಾ, ಅಲುಗಾಡುವಂತಿದೆಯಾ ನೋಡಿ. ಯಾವ ಕಾರಣಕ್ಕೂ ಒರಗಿ ನಿಲ್ಲಬೇಡಿ, ಮಕ್ಕಳನ್ನು ಕೂರಿಸಬೇಡಿ. ನೂರಾರು ಕೇಜಿ ತೂಕದ ಕಲ್ಲು ಬಿದ್ದು ಜೀವ ಹೋದ ಘಟನೆಗಳು ಬ್ರಿಟನ್ನಿನಲ್ಲಿ ಆಗಿವೆ.

ಆಮೇಲೆ ಕಲ್ಲಿನ ಜಾತಿ. ಸ್ಟ್ಯಾಫರ್ಡ್‌ಶೈರ್‌ನ ಈ ಭಾಗದಲ್ಲಿ ಮರಳುಗಲ್ಲು ಜಾಸ್ತಿ. ಮರಳುಗಲ್ಲು ಪದರ ಪದರವಾಗಿ ಇರುತ್ತದೆ. ಪದರದ ನಡುವೆ ನೀರು ಇಳಿದು, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಉಬ್ಬಿದರೆ ಮೇಲಿನ ಪದರ ಹಪ್ಪಳದಂತೆ ಏಳುತ್ತದೆ. ಅಕ್ಷರ ಇರುವುದೇ ಆ ಪದರದಲ್ಲಿ! ಎದ್ದಿದೆ ಅನ್ನಿಸಿದ ಕಡೆ ಮುಟ್ಟಲೇಬೇಡಿ. ಸ್ಲೇಟು ಕಲ್ಲಾದರೆ ಅದೃಷ್ಟ, ಇನ್ನೂರೈವತ್ತು ವರ್ಷದ ಅಕ್ಷರವೂ ನಿನ್ನೆ ಕೆತ್ತಿದಂತೆ ಇರುತ್ತದೆ.

ಇಲ್ಲಿಯ ಹಳೇ ಕಲ್ಲುಗಳು ಕಪ್ಪಾಗಿರುವುದನ್ನು ನೋಡಿ ಕೊಳೆ ಅಂದುಕೊಳ್ಳಬೇಡಿ. ಅದು ಊರಿನ ಕಸುಬಿನ ಮಸಿ. ಸುತ್ತಮುತ್ತ ಪಿಂಗಾಣಿ ಸುಡುವ ಬಾಟಲಿ ಆಕಾರದ ಗೂಡುಗಳು ನೂರಾರಿದ್ದವು, ಎಲ್ಲ ಕಲ್ಲಿದ್ದಲಿನವು. 1956ರ ಶುದ್ಧ ಗಾಳಿಯ ಕಾಯಿದೆ ಬರುವವರೆಗೂ ಆ ಹೊಗೆ ಪ್ರತಿ ಗೋಡೆಯ ಮೇಲೂ ಕೂತಿತು. ಆ ಗೂಡುಗಳಿಗೆ ಕಾರ್ನ್‌ವಾಲ್‌ನ ಬಿಳಿ ಜೇಡಿಮಣ್ಣು ದೋಣಿಯಲ್ಲಿ ಬಂದದ್ದು, ಒಡೆಯದೆ ಪಾತ್ರೆಗಳು ದೋಣಿಯಲ್ಲಿ ಹೋದದ್ದು ಬ್ರಿಂಡ್ಲಿಯ ಕಾಲುವೆಯಿಂದಲೇ. ಕುದುರೆಯ ಬೆನ್ನ ಮೇಲೆ ಗುಂಡಿಬಿದ್ದ ರಸ್ತೆಯಲ್ಲಿ ಪಿಂಗಾಣಿ ಸಾಗಿಸಿದರೆ ಎಷ್ಟು ಉಳಿಯುತ್ತದೆ, ಯೋಚನೆ ಮಾಡಿ. ಆ ಮಸಿಯನ್ನು ಉಜ್ಜಿ ತೆಗೆಯುವ ಆಸೆ ನನಗೆ ಈಗ ಒಂಚೂರೂ ಇಲ್ಲ.

ಇನ್ನು ಕಲ್ಲಿನ ಮೇಲಿನ ಬೂದು, ಹಳದಿ, ಕಿತ್ತಳೆ ಬಣ್ಣದ ಚಕ್ಕೆಗಳು. ನಮ್ಮ ಮಸಾಲೆ ಡಬ್ಬಿಯಲ್ಲಿರುವ ಕಲ್ಲುಹೂವಿನ ಬಳಗದವೇ ಇವು. ಬ್ರಿಟನ್ನಿನ ಚರ್ಚ್ ಅಂಗಳಗಳಲ್ಲಿ ನೂರಾರು ಜಾತಿ ಕಲ್ಲುಹೂವು ಇವೆ. ಕೆಲವು ವರ್ಷಕ್ಕೆ ಒಂದು ಮಿಲಿಮೀಟರ್ ಕೂಡ ಬೆಳೆಯುವುದಿಲ್ಲ. ಅಂಗೈಯಗಲದ ಒಂದು ಚಕ್ಕೆಗೆ ನಮ್ಮ ಅಜ್ಜನಿಗಿಂತ ಜಾಸ್ತಿ ವಯಸ್ಸಾಗಿರಬಹುದು. ಕೆರೆದರೆ ಅದರ ಬೇರಿನಂಥ ಎಳೆಗಳ ಜೊತೆ ಕಲ್ಲಿನ ಕಣಗಳೂ ಬರುತ್ತವೆ.

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ಮೊದಮೊದಲು ಬೇರೊಂದು ಊರಿನ ಅಂಗಳದಲ್ಲಿ, ಹೆಸರು ಬೇಡ, ಒಂದು ಮರಳುಗಲ್ಲಿನ ಮೇಲೆ ಪಾಚಿ ಇತ್ತು. ಮೆತ್ತಗಿನ ಬ್ರಷ್ಷೇ ಅಲ್ವಾ ಎಂದುಕೊಂಡು ನಾಲ್ಕು ಸಲ ಆಡಿಸಿದೆ. ಪಾಚಿ ಹೋಯಿತು. ಜೊತೆಗೆ ಕೆಂಪು ಮರಳು ಸಣ್ಣಗೆ ಉದುರಿ ನನ್ನ ಬೂಟಿನ ಮೇಲೆ ಬಿತ್ತು. ಬಗ್ಗಿ ನೋಡಿದರೆ ಒಂದು ಅಕ್ಷರದ ಅಂಚು ದುಂಡಗಾಗಿತ್ತು. ಯಾರೋ ಅಮ್ಮ ತನ್ನ ಮಗುವಿಗೆ ಹಾಕಿಸಿದ ಕಲ್ಲು ಅದು. ಆ ಅಂಚನ್ನು ಇನ್ನು ಯಾರೂ ವಾಪಸ್ ತರಲಾರರು. ಅವತ್ತಿನಿಂದ ಬ್ರಷ್ಷನ್ನು ಮನೆಯಲ್ಲೇ ಬಿಡುತ್ತೇನೆ.

ಬೆಳಕಿನಿಂದ ಓದುವುದು

ಹಾಗಾದರೆ ಸವೆದ ಅಕ್ಷರ ಓದುವುದು ಹೇಗೆ? ಬೆಳಕಿನಿಂದ. ಕಲ್ಲಿಗೆ ಏನೂ ಮಾಡಬೇಡಿ, ಬೆಳಕಿಗೆ ಮಾಡಿ.

ಕಲ್ಲಿನ ಅಕ್ಷರ ಅಂದರೆ ಉಳಿಯಿಂದ ತೋಡಿದ ಸಣ್ಣ ಕಣಿವೆ. ಎದುರಿನಿಂದ ಬೆಳಕು ಬಿದ್ದರೆ ಕಣಿವೆಯ ತಳಕ್ಕೂ ಮೇಲಿನ ನೆಲಕ್ಕೂ ಒಂದೇ ಬೆಳಕು, ಏನೂ ಕಾಣಿಸುವುದಿಲ್ಲ. ಬೆಳಕು ಪಕ್ಕದಿಂದ, ಕಲ್ಲಿನ ಮೈಗೆ ಸವರಿಕೊಂಡು ಹೋಗುವಂತೆ ಬಂದರೆ ಒಂದು ಅಂಚು ಹೊಳೆಯುತ್ತದೆ, ಇನ್ನೊಂದು ಅಂಚು ನೆರಳಾಗುತ್ತದೆ. ಅಕ್ಷರ ಎದ್ದು ಕೂರುತ್ತದೆ. ಸಾಯಂಕಾಲದ ಬಿಸಿಲಿನಲ್ಲಿ ಉತ್ತ ಹೊಲದ ಸಾಲುಗಳು ಹೇಗೆ ಒಂದೊಂದೇ ಕಾಣುತ್ತವಲ್ಲ, ಹಾಗೆ.

ಅದಕ್ಕೇ ಹೊತ್ತು ನೋಡಿಕೊಂಡು ಹೋಗಿ. ನೆಲಕ್ಕೆ ಮಲಗಿದ ಹಾಸುಗಲ್ಲಾದರೆ ಬೆಳಗ್ಗೆ ಅಥವಾ ಸಂಜೆ, ಸೂರ್ಯ ತಗ್ಗಿನಲ್ಲಿರುವಾಗ. ನಿಂತ ಕಲ್ಲಾದರೆ ಅದು ಯಾವ ದಿಕ್ಕಿಗೆ ಮುಖ ಮಾಡಿದೆ ನೋಡಬೇಕು. ಇಲ್ಲಿ ಸಮಾಧಿಗಳು ಸಾಮಾನ್ಯವಾಗಿ ಪೂರ್ವ ಪಶ್ಚಿಮವಾಗಿ ಇರುತ್ತವೆ, ಹಾಗಾಗಿ ಕಲ್ಲಿನ ಮುಖ ಪೂರ್ವಕ್ಕೋ ಪಶ್ಚಿಮಕ್ಕೋ ಇರುತ್ತದೆ. ಅಂಥ ಕಲ್ಲಿಗೆ ನಡು ಮಧ್ಯಾಹ್ನದ ಆಸುಪಾಸು ಒಳ್ಳೆಯದು. ಆಗ ಸೂರ್ಯ ದಕ್ಷಿಣದಲ್ಲಿ, ಕಲ್ಲಿನ ಪಕ್ಕಕ್ಕೆ ಬರುತ್ತಾನೆ. ಬೆಳಕು ಮೈ ಸವರುವುದು ಬರೀ ಹತ್ತಿಪ್ಪತ್ತು ನಿಮಿಷ. ಆ ಹೊತ್ತಿಗೆ ಕ್ಯಾಮೆರಾ ಕೈಯಲ್ಲೇ ಇರಲಿ.

ಬಿಸಿಲಿದೆ, ಆದರೆ ಕೋನ ಸರಿಯಿಲ್ಲ ಅಂದರೆ ಕನ್ನಡಿ ತೆಗೆಯಿರಿ. ಕಲ್ಲಿನಿಂದ ಮೂರು ನಾಲ್ಕು ಮೀಟರ್ ದೂರ, ಪಕ್ಕಕ್ಕೆ ನಿಂತು, ಬಿಸಿಲನ್ನು ಹಿಡಿದು ಕಲ್ಲಿನ ಮೈಮೇಲೆ ಓರೆಯಾಗಿ ಹಾಯಿಸಿ. ಒಬ್ಬರು ಕನ್ನಡಿ ಹಿಡಿದರೆ ಇನ್ನೊಬ್ಬರು ಓದಬೇಕು. ನನಗೆ ಕನ್ನಡಿ ಹಿಡಿಯುವವಳು ಮಗಳು. ಮೋಡ ಕವಿದಿದ್ದರೆ, ಇಲ್ಲಿ ಅದೇ ಜಾಸ್ತಿ, ಕಪ್ಪು ಕೊಡೆ ಬಿಚ್ಚಿ ಕಲ್ಲಿಗೆ ಕತ್ತಲು ಮಾಡಿ, ಒಳಗಿನಿಂದ ಟಾರ್ಚನ್ನು ಪಕ್ಕಕ್ಕೆ ಹಿಡಿಯಿರಿ. ಒಂದು ಸಲ ಎಡದಿಂದ, ಒಂದು ಸಲ ಬಲದಿಂದ, ಒಂದು ಸಲ ಮೇಲಿನಿಂದ. ಎಡದ ಬೆಳಕಿಗೆ 3 ಅಂತ ಕಂಡದ್ದು ಮೇಲಿನ ಬೆಳಕಿಗೆ 8 ಆಗಬಹುದು. ಮೂರರಲ್ಲೂ ಒಂದೇ ಕಂಡರೆ ಮಾತ್ರ ನಂಬಿ. ಪ್ರತಿ ಬೆಳಕಿಗೂ ಕಲ್ಲಿನ ಎದುರು ನೇರವಾಗಿ ನಿಂತು ಒಂದೊಂದು ಫೋಟೋ ತೆಗೆಯಿರಿ, ಪಕ್ಕದಲ್ಲಿ ಟೇಪನ್ನು ಬಿಚ್ಚಿಟ್ಟು.

ಬರೆದುಕೊಳ್ಳುವುದು

ಈಗ ಪೆನ್ಸಿಲ್ಲು. ಕಲ್ಲಿನಲ್ಲಿ ಸಾಲು ಎಲ್ಲಿ ಮುರಿದಿದೆಯೋ ನೋಟ್‌ಬುಕ್ಕಿನಲ್ಲೂ ಅಲ್ಲೇ ಮುರಿಯಿರಿ. ದೊಡ್ಡಕ್ಷರ, ಸಣ್ಣಕ್ಷರ, ಮೇಲೆ ಪುಟ್ಟದಾಗಿ ಕೆತ್ತಿದ ಅಕ್ಷರ, ಎಲ್ಲ ಹಾಗೇ. ಕಾಣದ ಅಕ್ಷರಕ್ಕೆ ಒಂದು ಚುಕ್ಕಿ. ಊಹೆ ಮಾಡಿದ್ದರೆ ಅದರ ಕೆಳಗೆ ಗೆರೆ. 18ನೇ ಶತಮಾನದ ಇಂಗ್ಲಿಷಿನಲ್ಲಿ ಎಸ್ ಅಕ್ಷರ ಕೆಲವು ಕಡೆ ಉದ್ದವಾಗಿ, ಎಫ್‌ನ ಹಾಗೆ ಕಾಣುತ್ತದೆ. ಗಾಬರಿ ಬೇಡ, ಅಡ್ಡಗೆರೆ ಪೂರ್ತಿ ದಾಟಿದೆಯಾ ನೋಡಿ. ದಾಟಿದ್ದರೆ ಎಫ್, ಇಲ್ಲದಿದ್ದರೆ ಎಸ್.

ಸ್ಪೆಲ್ಲಿಂಗ್ ತಪ್ಪು ಕಂಡರೂ ತಿದ್ದಬೇಡಿ. ಬ್ರಿಂಡ್ಲಿಯೇ ಕಿವಿಗೆ ಕೇಳಿದಂತೆ ಬರೆಯುತ್ತಿದ್ದವನು. ಅವನ ದಿನಚರಿಯಲ್ಲಿ ‘ಆಕ್ಯುಲರ್ ಸರ್ವೆ’, ಅಂದರೆ ಕಣ್ಣಳತೆಯ ಸರ್ವೆ, ಅನ್ನೋದು ‘ಓಚಿಲರ್ ಸರ್ವೆ’ ಆಗಿದೆ. ಅದನ್ನು ಯಾರಾದರೂ ಚೆಂದ ಮಾಡಿ ತಿದ್ದಿ ನಕಲು ಮಾಡಿದ್ದರೆ, ಅವನ ದನಿಯೇ ನಮಗೆ ಕೇಳಿಸುತ್ತಿರಲಿಲ್ಲ. ಗಟ್ಟಿ ಸಮಸ್ಯೆ ಎದುರಾದರೆ ಅವನು ಒಂದೆರಡು ದಿನ ಹಾಸಿಗೆ ಹಿಡಿದು ಮಲಗಿ, ತಲೆಯಲ್ಲೇ ಪೂರ್ತಿ ಲೆಕ್ಕ ಹಾಕಿಕೊಂಡು ಏಳುತ್ತಿದ್ದನಂತೆ.

ಬ್ರಿಂಡ್ಲಿಯ ಬರಹದ ಸಾರ ಇಷ್ಟು. ಟರ್ನ್‌ಹರ್ಸ್ಟ್‌ನ ಜೇಮ್ಸ್ ಬ್ರಿಂಡ್ಲಿ, ಎಂಜಿನಿಯರ್, ಇವನ ನೆನಪಿಗೆ, 1772ರ ಸೆಪ್ಟೆಂಬರ್ 30ರಂದು ಇಲ್ಲಿ ಹೂಳಲಾಯಿತು, ವಯಸ್ಸು 56.

ನಾನು ಓದಿ ಹೇಳಿದಾಗ ಮಗಳು ಕನ್ನಡಿ ಕೆಳಗಿಟ್ಟು ಕೇಳಿದಳು. “ಅಪ್ಪಾ, ಇದರಲ್ಲಿ ಕಾಲುವೆ ಅನ್ನೋ ಮಾತೇ ಇಲ್ವಲ್ಲ?”

“ಇಲ್ಲ ಪುಟ್ಟಿ.”

“ಮತ್ತೆ ಯಾಕೆ ಇವನನ್ನ ನೋಡೋಕೆ ಬಂದ್ವಿ?”

ಅದಕ್ಕೆ ಉತ್ತರ ಆ ಬರಹದ ಒಂದೊಂದೇ ಮಾತಿನಲ್ಲಿದೆ. ಒಂದೊಂದನ್ನೇ ಬಿಡಿಸಿ ನೋಡಿ.

‘ಟರ್ನ್‌ಹರ್ಸ್ಟ್’ ಅವನು ಕೊನೆಗಾಲದಲ್ಲಿದ್ದ ಮನೆ, ಇಲ್ಲಿಗೆ ಹತ್ತಿರದ್ದೇ. ಮನೆ ಈಗ ಇಲ್ಲ. 1765ರಲ್ಲಿ ಆ್ಯನ್ ಹೆನ್‌ಶಾಲ್‌ಳನ್ನು ಮದುವೆಯಾದಾಗ ಅವನಿಗೆ 49, ಅವಳಿಗೆ 19. ಇಬ್ಬರು ಹೆಣ್ಣುಮಕ್ಕಳಾದರು. ಆ್ಯನ್‌ಳ ಅಣ್ಣ ಹ್ಯೂ ಹೆನ್‌ಶಾಲ್, ಮುಂದೆ ಕಾಲುವೆ ಕೆಲಸ ಮುಗಿಸಿದವನು ಅವನೇ.

‘ಎಂಜಿನಿಯರ್’ ಅನ್ನೋದು ಇವತ್ತು ನಮ್ಮಲ್ಲಿ ಮನೆಗೊಬ್ಬರಿಗೆ ಇರುವ ಮಾತು. 1772ರಲ್ಲಿ ಹಾಗಿರಲಿಲ್ಲ. ಸೇನೆಯ ಎಂಜಿನಿಯರುಗಳು ಇದ್ದರು. ಜನಸಾಮಾನ್ಯರ ಕೆಲಸದ ಎಂಜಿನಿಯರುಗಳು ಲಂಡನ್ನಿನಲ್ಲಿ ಸೊಸೈಟಿ ಆಫ್ ಸಿವಿಲ್ ಎಂಜಿನಿಯರ್ಸ್ ಎಂದು ಕೂಡಿಕೊಂಡದ್ದು 1771ರಲ್ಲಿ, ಈ ಕಲ್ಲಿನ ತಾರೀಖಿಗೆ ಒಂದೇ ವರ್ಷ ಮೊದಲು. ಗಿರಣಿ ಮೇಸ್ತ್ರಿಯಾಗಿ ಶುರು ಮಾಡಿದವನಿಗೆ ಆ ಒಂದು ಮಾತು ಸಿಕ್ಕಿದ್ದು ಸಣ್ಣದಲ್ಲ. ಸರ್ವೇಯರ್ ಆಗಿ ಆ ಪದದ ಮುಂದೆ ನಾನು ತುಂಬಾ ಹೊತ್ತು ನಿಂತಿದ್ದೇನೆ.

‘ಹೂಳಲಾಯಿತು’ ಅನ್ನೋದು ನನ್ನನ್ನು ಬೀಳಿಸಿದ ಮಾತು. ಸತ್ತದ್ದು, ಹೂಳಿದ್ದು, ಕಲ್ಲು ಹಾಕಿಸಿದ್ದು, ಇವು ಮೂರು ಬೇರೆ ಬೇರೆ ದಿನ. ಕೆಲವು ಕಲ್ಲುಗಳನ್ನು ಹಾಕಿಸುವುದು ಎಷ್ಟೋ ವರ್ಷ ಆದ ಮೇಲೆ. ಕಲ್ಲು ಯಾವ ದಿನವನ್ನು ಹೇಳುತ್ತಿದೆ ಎಂದು ಕ್ರಿಯಾಪದ ನೋಡಿಯೇ ತೀರ್ಮಾನ ಮಾಡಿ.

‘ವಯಸ್ಸು 56’. 1772ರಿಂದ ಕಳೆದರೆ 1716 ಬರುತ್ತದೆ, ಸರಿ. ಆದರೆ ಎಲ್ಲ ಕಲ್ಲಿನಲ್ಲೂ ಇಷ್ಟು ಸಲೀಸಲ್ಲ. ‘ತನ್ನ 56ನೇ ವರ್ಷದಲ್ಲಿ’ ಎಂದಿದ್ದರೆ ತುಂಬಿದ್ದು 55 ಮಾತ್ರ. ಇನ್ನೂ ಹಳೇ ಕಲ್ಲಾದರೆ ಇನ್ನೊಂದು ತೊಡಕಿದೆ. ಇಂಗ್ಲೆಂಡಿನಲ್ಲಿ 1752ಕ್ಕೆ ಮೊದಲು ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಹಾಗಾಗಿ ಕಲ್ಲಿನ ಮೇಲೆ ‘ಫೆಬ್ರವರಿ 1740’ ಎಂದಿದ್ದರೆ ನಮ್ಮ ಲೆಕ್ಕಕ್ಕೆ ಅದು 1741. ಸಾಲದ್ದಕ್ಕೆ 1752ರ ಸೆಪ್ಟೆಂಬರ್ 2ರ ಮರುದಿನ ಸೆಪ್ಟೆಂಬರ್ 14 ಬಂತು, ನಡುವಿನ 11 ದಿನ ಲೆಕ್ಕದಿಂದಲೇ ಹೋದವು. ಬ್ರಿಂಡ್ಲಿ ಅದನ್ನು ಕಂಡವನೇ.

ಮನೆಗೆ ಬಂದು ತಾಳೆ ನೋಡಿ

ಕಲ್ಲು ಒಂದು ಸಾಕ್ಷಿ ಅಷ್ಟೇ. ಇನ್ನೊಂದು ಸಾಕ್ಷಿ ಚರ್ಚಿನ ದಾಖಲೆ ಪುಸ್ತಕ. ಯಾರನ್ನು ಯಾವ ದಿನ ಹೂಳಿದರು ಎಂದು ಅಲ್ಲಿ ಬರೆಯುತ್ತಾರೆ. ನ್ಯೂಚಾಪೆಲ್ ಆಗ ವುಲ್‌ಸ್ಟಂಟನ್ ಪ್ಯಾರಿಶ್‌ಗೆ, ಅಂದರೆ ಆ ಊರಿನ ಚರ್ಚಿನ ವ್ಯಾಪ್ತಿಗೆ, ಸೇರಿದ ಊರು, ಹಾಗಾಗಿ ಹುಡುಕುವಾಗ ಎರಡೂ ಹೆಸರು ಹಾಕಿ. ಸ್ಟ್ಯಾಫರ್ಡ್‌ಶೈರ್‌ನ ಹಳೇ ದಾಖಲೆಗಳು ಸ್ಟ್ಯಾಫರ್ಡ್ ಪಟ್ಟಣದಲ್ಲಿವೆ. ಮೂಲ ಪುಸ್ತಕ ಹಾಳಾಗಿದ್ದರೂ ನಿರಾಸೆ ಬೇಡ. ಪ್ರತಿ ವರ್ಷ ಒಂದು ನಕಲು ಬಿಷಪ್‌ಗೆ ಹೋಗುತ್ತಿತ್ತು, ಅದೂ ಎಷ್ಟೋ ಕಡೆ ಉಳಿದಿದೆ.

ಕಲ್ಲಿಗೂ ಪುಸ್ತಕಕ್ಕೂ ತಾಳೆ ಆಗದಿದ್ದರೆ ಒಂದನ್ನು ಗೆಲ್ಲಿಸಬೇಡಿ. ಎರಡನ್ನೂ ಪಕ್ಕಪಕ್ಕ ಬರೆದಿಡಿ. ನನ್ನ ‘30’ ಸಾವಿನ ದಿನವಲ್ಲ, ಹೂಳಿದ ದಿನ ಎಂದು ತಿಳಿದದ್ದು ಹೀಗೆ ಪಕ್ಕಪಕ್ಕ ಇಟ್ಟಾಗಲೇ.

ಗುಡ್ಡ ಇಳಿದು ಸುರಂಗಕ್ಕೆ

ಸಮಾಧಿ ನೋಡಿ ಸೀದಾ ರೈಲು ಹತ್ತಬೇಡಿ. ದಯವಿಟ್ಟು ಕಿಡ್ಸ್‌ಗ್ರೋವ್‌ನಲ್ಲಿ ಟ್ರೆಂಟ್ ಅಂಡ್ ಮರ್ಸಿ ಕಾಲುವೆಯ ದಂಡೆಗೆ ಇಳಿಯಿರಿ. ಸ್ಟೇಷನ್ನಿಗೆ ಅಂಟಿಕೊಂಡೇ ಇದೆ. ದಂಡೆ ಹಿಡಿದು ಸ್ವಲ್ಪ ನಡೆದರೆ ಹೇರ್‌ಕ್ಯಾಸಲ್ ಗುಡ್ಡದ ಬುಡದಲ್ಲಿ ಎರಡು ಸುರಂಗದ ಬಾಯಿಗಳು ಕಾಣುತ್ತವೆ.

ಮೊದಲು ಗಮನ ಸೆಳೆಯುವುದು ನೀರಿನ ಬಣ್ಣ. ಪೂರ್ತಿ ಕಿತ್ತಳೆ, ಇಟ್ಟಿಗೆ ಪುಡಿ ಕದಡಿದಂತೆ. ಗುಡ್ಡದ ಒಳಗಿನ ಕಬ್ಬಿಣದ ಅದಿರಿನಿಂದ ಬರುವ ಬಣ್ಣ ಅದು. ಒಂದು ಬಾಯಿ ತಗ್ಗಾಗಿ, ಇಕ್ಕಟ್ಟಾಗಿ, ಮುಚ್ಚಿಕೊಂಡಿದೆ. ಬ್ರಿಂಡ್ಲಿಯದ್ದು ಅದೇ. ಉದ್ದ 2,880 ಗಜ, ಅಂದರೆ ಒಂದೂವರೆ ಮೈಲಿಗಿಂತ ಜಾಸ್ತಿ. ಕೆಲಸ ಶುರುವಾದಾಗ ಅಷ್ಟು ಉದ್ದದ ಕಾಲುವೆ ಸುರಂಗವನ್ನು ಇಂಗ್ಲೆಂಡ್ ಕಂಡಿರಲಿಲ್ಲ. ಗುಡ್ಡದ ಮೇಲಿನಿಂದ ಬಾವಿಗಳಂತೆ ಕುಳಿ ತೋಡಿ, ಒಂದೊಂದು ಕುಳಿಯ ತಳದಿಂದ ಎರಡೂ ದಿಕ್ಕಿಗೆ ಕೊರೆಯುತ್ತಾ ಹೋದರು. ಒಳಗೆ ಗಟ್ಟಿ ಬಂಡೆ ಸಿಕ್ಕಿತು, ಜರಿಯುವ ಮಣ್ಣು ಸಿಕ್ಕಿತು, ನೀರು ನುಗ್ಗಿತು. ಉಗಿಯಂತ್ರ ಇಟ್ಟು ನೀರೆತ್ತಿದರು. 11 ವರ್ಷ ಹಿಡಿಯಿತು. 1777ರಲ್ಲಿ ಸುರಂಗ ತೆರೆದಾಗ ಬ್ರಿಂಡ್ಲಿ ತೀರಿಕೊಂಡು ಐದು ವರ್ಷ ಆಗಿತ್ತು.

ಅಗಲ ಒಂಬತ್ತು ಅಡಿ ಅಷ್ಟೇ. ಒಂದು ಸಲಕ್ಕೆ ಒಂದು ದೋಣಿ. ಪಕ್ಕದಲ್ಲಿ ನಡೆಯಲು ದಾರಿ ಇಲ್ಲ, ದೋಣಿ ಎಳೆಯುವ ಕುದುರೆಯನ್ನು ಗುಡ್ಡದ ಮೇಲಿನಿಂದ ನಡೆಸಿಕೊಂಡು ಹೋಗಬೇಕಿತ್ತು. ಆ ರಸ್ತೆಗೆ ಇವತ್ತಿಗೂ ಬೋಟ್‌ಹಾರ್ಸ್ ರೋಡ್ ಎಂದೇ ಹೆಸರು. ಒಳಗೆ ದೋಣಿಯಾಳುಗಳು ಅಂಗಾತ ಮಲಗಿ, ಕಾಲಿನಿಂದ ಸುರಂಗದ ಗೋಡೆ ಒದೆಯುತ್ತಾ ಕತ್ತಲಲ್ಲಿ ಗಂಟೆಗಟ್ಟಲೆ ದೋಣಿ ತಳ್ಳುತ್ತಿದ್ದರು. ಪಕ್ಕದ ದೊಡ್ಡ ಬಾಯಿ ಆಮೇಲಿನ ಎಂಜಿನಿಯರ್ ಥಾಮಸ್ ಟೆಲ್‌ಫರ್ಡ್‌ನದು, 1827ರದ್ದು. ಅದು ಮೂರೇ ವರ್ಷದಲ್ಲಿ ಮುಗಿಯಿತು. ಇವತ್ತು ದೋಣಿಗಳು ಹೋಗುವುದು ಅದರಲ್ಲೇ.

ಬ್ರಿಂಡ್ಲಿ ಸತ್ತದ್ದೂ ಸರ್ವೆ ಕೆಲಸದಿಂದಲೇ ಅನ್ನಬೇಕು. ಕಾಲ್ಡನ್ ಕಾಲುವೆಗೆ ದಾರಿ ನೋಡುತ್ತಾ ಮಳೆಯಲ್ಲಿ ಪೂರ್ತಿ ನೆನೆದ, ಮೈ ಒಣಗಿಸಿಕೊಳ್ಳಲು ಆಗಲಿಲ್ಲ, ಹಾಸಿಗೆ ಹಿಡಿದ. ನೋಡಲು ಬಂದ ವೈದ್ಯ ಎರಾಸ್ಮಸ್ ಡಾರ್ವಿನ್. ಬ್ರಿಂಡ್ಲಿಗೆ ಸಕ್ಕರೆ ಕಾಯಿಲೆ ಮೊದಲೇ ಇದೆ ಎಂದು ಕಂಡುಹಿಡಿದದ್ದೂ ಡಾರ್ವಿನ್ನೇ. ಒದ್ದೆ ಬೂಟು, ಒದ್ದೆ ಕೋಟಿನಲ್ಲಿ ಇಡೀ ದಿನ ಲೆವೆಲ್ ಹಿಡಿದು ನಿಂತದ್ದು ನನಗೂ ಗೊತ್ತು. ಸುರಂಗದ ಬಾಯಿಯ ಮುಂದೆ ನಿಂತು ಮಗಳಿಗೆ ಇದನ್ನೆಲ್ಲ ಹೇಳಿದೆ. ಅವಳು ಸುಮ್ನೆ ಆ ಕಿತ್ತಳೆ ನೀರನ್ನೇ ನೋಡುತ್ತಿದ್ದಳು. ಆಮೇಲೆ “ಒಳಗಡೆ ಅವನು ಯಾವತ್ತೂ ದೋಣೀಲಿ ಹೋಗ್ಲೇ ಇಲ್ವಾ ಅಪ್ಪಾ?” ಎಂದಳು. ಮೊದಲ ತುದಿಯಿಂದ ಕೊನೆಯ ತುದಿಗೆ, ಇಲ್ಲ.

ಸಮಯ ಇದ್ದವರು ಲೀಕ್‌ನಲ್ಲಿ ಅವನ ಗಿರಣಿ ನೋಡಬಹುದು. ಹುಟ್ಟೂರಿನ ಹತ್ತಿರದ ವರ್ಮ್‌ಹಿಲ್‌ನಲ್ಲಿ 1875ರಲ್ಲಿ ಅವನ ನೆನಪಿಗೆ ಕಟ್ಟಿದ ನೀರಿನ ಬಾವಿಯೂ ಇದೆ.

ಮನೆಗೆ ಬಂದ ವಾರದೊಳಗೆ ಪೆನ್ಸಿಲ್ ಬರಹವನ್ನು ಶುದ್ಧ ಪ್ರತಿ ಮಾಡಿ. ಚುಕ್ಕಿ, ಗೆರೆ ಎಲ್ಲ ಹಾಗೇ ಇರಲಿ. ಮೇಲೆ ತಾರೀಖು, ಹೊತ್ತು, ಬೆಳಕು ಯಾವ ಕಡೆಯಿಂದ ಇತ್ತು ಎಂದು ಬರೆಯಿರಿ. ಫೋಟೋಗಳ ಜೊತೆ ಒಂದು ಪ್ರತಿಯನ್ನು ಚರ್ಚಿಗೆ ಕಳಿಸಿ. ಮುಂದಿನ ಚಳಿಗಾಲದ ಹಿಮ ಎಷ್ಟು ಅಕ್ಷರ ತಿನ್ನುತ್ತದೋ, ಹತ್ತು ವರ್ಷದ ಮೇಲೆ ಬರುವವರಿಗೆ ನಿಮ್ಮ ಫೋಟೋ ಬೇಕಾಗುತ್ತದೆ. ಹಳೇ ತಪ್ಪನ್ನು ಅಳಿಸಬೇಡಿ. ನನ್ನ ನೋಟ್‌ಬುಕ್ಕಿನಲ್ಲಿ ‘ಸಾವು’ ಅನ್ನೋದರ ಮೇಲೆ ಒಂದೇ ಒಂದು ಗೆರೆ ಎಳೆದು, ಪಕ್ಕದಲ್ಲಿ ‘ಹೂಳಿದ್ದು’ ಎಂದು ಬರೆದು, ತಿದ್ದಿದ ದಿನಾಂಕ ಹಾಕಿದ್ದೇನೆ. ಫೀಲ್ಡ್ ಬುಕ್ಕಿನಲ್ಲಿ ನಾವು ತಿದ್ದುವುದು ಹಾಗೇ.